ಹುಟ್ಟಿದ ಮೇಲೆ ಕಟ್ಟಿಕೊಳ್ಳುವ ಮೆದುಳು

ಕಾಂಗರೂ ಎಂದರೆ ನೆನಪಾಗುವುದು ಶಾಲೆಯ ಪುಸ್ತಕದ ಆ ಚಿತ್ರ: ತಾಯಿಯ ಹೊಟ್ಟೆಚೀಲದಿಂದ ತಲೆ ಹೊರಹಾಕಿ, ಕಿವಿ ನಿಮಿರಿಸಿಕೊಂಡು ನೋಡುತ್ತಿರುವ ಮರಿ. ಮುದ್ದಾದ ಚಿತ್ರವೇ. ಆದರೆ ಆ ಮರಿ ಹುಟ್ಟಿ ಆಗಲೇ ಐದಾರು ತಿಂಗಳಾಗಿರುತ್ತದೆ. ಕಣ್ಣು ತೆರೆದಿದೆ, ಕಿವಿ ಕೇಳುತ್ತಿದೆ, ಮೈಮೇಲೆ ಕೂದಲು ಮೂಡಿದೆ. ಅದರ ಬಾಳಿನ ಅತಿ ವಿಚಿತ್ರ ಅಧ್ಯಾಯ ಯಾರ ಕಣ್ಣಿಗೂ ಬೀಳದೆ ಚೀಲದ ಕತ್ತಲಲ್ಲಿ ಮುಗಿದುಹೋಗಿದೆ.

ಕೆಂಪು ಕಾಂಗರೂವಿನ ಬಸಿರು 33 ದಿನದ್ದು. ಹುಟ್ಟುವ ಮರಿ ಒಂದು ಗ್ರಾಂ ಕೂಡ ತೂಗುವುದಿಲ್ಲ. ಅದರ ಚಿಕ್ಕ ನೆಂಟ ಟಾಮರ್ ವಾಲಬಿಯಲ್ಲಿ ತಾಯಿ ಐದು ಕಿಲೋ ತೂಗಿದರೆ ಮರಿ 0.4 ಗ್ರಾಂ, ಒಂದು ಅವರೆಕಾಳಿನ ತೂಕ. ದಕ್ಷಿಣ ಅಮೆರಿಕದ ಬೂದು ಗಿಡ್ಡಬಾಲದ ಒಪಾಸಮ್ ಎಂಬ ಇಲಿಗಾತ್ರದ ಪ್ರಾಣಿ 14 ದಿನಕ್ಕೇ ಹೆರುತ್ತದೆ, ಮರಿಯ ತೂಕ ಗ್ರಾಮಿನ ಹತ್ತನೇ ಒಂದು ಭಾಗ. ಎಲ್ಲಕ್ಕಿಂತ ಸಣ್ಣದು ನೈರುತ್ಯ ಆಸ್ಟ್ರೇಲಿಯದಲ್ಲಿ ಹೂವಿನ ಮಕರಂದ ಹೀರಿ ಬದುಕುವ ಹನಿ ಪಾಸಮ್‌ನ ಮರಿ. ಅದು ಐದು ಮಿಲಿಗ್ರಾಂ ಮುಟ್ಟುವುದೂ ಕಷ್ಟ. ತಕ್ಕಡಿಯ ಇನ್ನೊಂದು ತಟ್ಟೆಗೆ ಎರಡು ರಾಗಿಕಾಳು ಹಾಕಿದರೆ ಸಮವಾಗುತ್ತದೆ.

ಹೊಟ್ಟೆಚೀಲದ ಸಸ್ತನಿಗಳೆಂದು ನಾವು ಕರೆಯುವ ಈ ಗುಂಪಿನಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಹೆಚ್ಚಿನವು ಆಸ್ಟ್ರೇಲಿಯ, ನ್ಯೂಗಿನಿಯಲ್ಲಿ, ಉಳಿದವು ಅಮೆರಿಕ ಖಂಡಗಳಲ್ಲಿ. ಹೆಸರಿನ ಮಾತು ಬಂದದ್ದಕ್ಕೆ ಹೇಳಿಬಿಡುತ್ತೇನೆ, ಇವುಗಳಲ್ಲಿ ಎಷ್ಟೋ ಪ್ರಾಣಿಗಳಿಗೆ ಹೊಟ್ಟೆಚೀಲವೇ ಇಲ್ಲ. ಮೇಲೆ ಹೇಳಿದ ಗಿಡ್ಡಬಾಲದ ಒಪಾಸಮ್‌ನ ಮರಿಗಳು ತಾಯಿಯ ಹೊಟ್ಟೆಗೆ ಗೊಂಚಲಿನ ಹಾಗೆ ನೇತಾಡಿಕೊಂಡೇ ಬೆಳೆಯುತ್ತವೆ. ಗುಂಪಿಗೆಲ್ಲ ಸಮಾನವಾದದ್ದು ಚೀಲಕ್ಕಿಂತ ಹೆಚ್ಚಾಗಿ ಆ ಅವಸರದ ಹೆರಿಗೆ. ಬೇರೆ ಸಸ್ತನಿಗಳು ಜರಾಯುವಿನ ಮೂಲಕ ಗರ್ಭದಲ್ಲೇ ಮುಗಿಸುವ ಕೆಲಸವನ್ನು ಇವು ಮೊಲೆತೊಟ್ಟಿಗೆ ವಹಿಸಿವೆ. ಆ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡದು ಮೆದುಳನ್ನು ಕಟ್ಟುವುದು.

ಹುಟ್ಟಿದ ದಿನ ಈ ಮರಿಯ ತಲೆಯೊಳಗೆ ಏನಿದೆ? ನೋಡುವುದಕ್ಕೆ, ಕಲಿಯುವುದಕ್ಕೆ, ನೆನಪಿಡುವುದಕ್ಕೆ ಬೇಕಾದ ಮೆದುಳಿನ ಹೊರತೊಗಟೆ, ಅಂದರೆ ಕಾರ್ಟೆಕ್ಸ್, ಇನ್ನೂ ಬರೀ ತೆಳು ಪೊರೆ. ಬೆಳೆದ ಪ್ರಾಣಿಯಲ್ಲಿ ಕಾಣುವ ಆರು ಪದರಗಳ ಸುಳಿವೂ ಇಲ್ಲ. ಆ ಪದರಗಳನ್ನು ತುಂಬಬೇಕಾದ ನರಕೋಶಗಳಲ್ಲಿ ಬಹುಪಾಲು ಇನ್ನೂ ಹುಟ್ಟಿಯೇ ಇಲ್ಲ. ಹಿಂಬದಿಯ ಕಿರುಮೆದುಳು ಮೊಳಕೆಯ ಹಂತದಲ್ಲಿದೆ. ಇಲಿಭ್ರೂಣಕ್ಕೆ ಹೋಲಿಸಿದರೆ ಸುಮಾರು 12ನೇ ದಿನದ ಸ್ಥಿತಿ. ಮನುಷ್ಯನ ಲೆಕ್ಕದಲ್ಲಿ ಆರು-ಏಳು ವಾರದ ಭ್ರೂಣ, ತನಗೆ ದಿನ ನಿಂತಿದೆಯೆಂದು ತಾಯಿಗೇ ಆಗ ತಾನೇ ಖಾತ್ರಿಯಾಗುವ ಹೊತ್ತು. ಅಂಥ ಮೆದುಳನ್ನು ಹೊತ್ತ ಜೀವ ಹೊರಗೆ ಬಂದು, ತಾಯಿಯ ರೋಮ ಹಿಡಿದು ಹತ್ತಿ, ತೊಟ್ಟು ಹುಡುಕಿ ಬಾಯಿಗಿಟ್ಟುಕೊಳ್ಳುತ್ತದೆ.

ಇದನ್ನು ನಂಬುವುದಕ್ಕೆ ಯುರೋಪಿನವರಿಗೆ ಮುನ್ನೂರು ವರ್ಷ ಹಿಡಿಯಿತು. 1629ರಲ್ಲಿ ‘ಬಟಾವಿಯಾ’ ಎಂಬ ಡಚ್ ಹಡಗು ಪಶ್ಚಿಮ ಆಸ್ಟ್ರೇಲಿಯದ ದ್ವೀಪಗಳ ಬಳಿ ಒಡೆಯಿತು. ಅದರ ಮುಖ್ಯಾಧಿಕಾರಿ ಫ್ರಾನ್ಸಿಸ್ಕೊ ಪೆಲ್ಸರ್ಟ್ ಅಲ್ಲಿ ಟಾಮರ್ ವಾಲಬಿಗಳನ್ನು ಕಂಡು ಬರೆದಿಟ್ಟ. ಚೀಲದೊಳಗೆ ಹುರುಳಿಕಾಯಿ ಬೀಜದಷ್ಟು ಮರಿ ತೊಟ್ಟಿಗೆ ಅಂಟಿಕೊಂಡದ್ದನ್ನು ನೋಡಿ, ಮರಿ ತೊಟ್ಟಿನಿಂದಲೇ ಬೆಳೆದು ಬರುತ್ತದೆಂದು ಅವನು ತೀರ್ಮಾನಿಸಿದ. ನಗುವ ಹಾಗಿಲ್ಲ. ಬಾಯಿಗೆ ಸಿಕ್ಕ ತೊಟ್ಟಿನ ತುದಿ ಊದಿಕೊಳ್ಳುತ್ತದೆ, ಮರಿಯ ತುಟಿಗಳು ಅದರ ಸುತ್ತ ಬಿಗಿಯುತ್ತವೆ. ಕಿತ್ತರೆ ರಕ್ತ ಬರುತ್ತದೆ. ಬಳ್ಳಿಗೆ ಕಾಯಿ ಹಿಡಿದ ಹಾಗೆಯೇ ಕಾಣುತ್ತದೆ. ತಾಯಿ ತುಟಿಯಿಂದ ಮರಿಯನ್ನೆತ್ತಿ ಚೀಲಕ್ಕೆ ಇಡುತ್ತಾಳೆ ಎಂಬ ಇನ್ನೊಂದು ನಂಬಿಕೆಯೂ ಬಹುಕಾಲ ಬಾಳಿತು. 1920ರಲ್ಲಿ ಟೆಕ್ಸಸ್‌ನ ಕಾರ್ಲ್ ಹಾರ್ಟ್‌ಮನ್ ವರ್ಜೀನಿಯಾ ಒಪಾಸಮ್‌ನ ಹೆರಿಗೆಯನ್ನು ಕಣ್ಣಾರೆ ಕಂಡು ಬರೆದಾಗ ಅದಕ್ಕೆ ಪೆಟ್ಟು ಬಿತ್ತು. ಮರಿಗಳು ಒಂದಾದ ಮೇಲೊಂದು ಕೈ ಹಾಕುತ್ತ ತಾವಾಗಿಯೇ ಹತ್ತಿದವು. 1960ರ ದಶಕದಲ್ಲಿ ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಸ್ಥೆಯವರು ಕೆಂಪು ಕಾಂಗರೂವಿನ ಹೆರಿಗೆಯನ್ನು ಚಿತ್ರೀಕರಿಸಿದ ಮೇಲೆ ವಾದಕ್ಕೆ ಜಾಗವೇ ಉಳಿಯಲಿಲ್ಲ.

ಈ ಹತ್ತುವ ಕೆಲಸ ಸಾವು-ಬದುಕಿನ ಪರೀಕ್ಷೆ. ಟಾಸ್ಮೇನಿಯನ್ ಡೆವಿಲ್ ಒಂದು ಸಲಕ್ಕೆ ಇಪ್ಪತ್ತು-ಮೂವತ್ತು ಮರಿ ಹಾಕುತ್ತದೆ, ಇರುವ ತೊಟ್ಟು ನಾಲ್ಕೇ. ಮೊದಲು ತಲುಪಿದ ನಾಲ್ಕು ಉಳಿಯುತ್ತವೆ. ಮೆದುಳು ಕಟ್ಟಿಕೊಳ್ಳುವ ಮುಂಚೆಯೇ ಮೆದುಳಿಗೆ ಪರೀಕ್ಷೆ!

ಹಾಗಾದರೆ ಹತ್ತಿಸುವುದು ಯಾವುದು? ಕುತ್ತಿಗೆಯ ಮಟ್ಟದ ಮೆದುಳುಬಳ್ಳಿ ಮತ್ತು ಅದರ ಮೇಲಿನ ಮೆದುಳುಕಾಂಡ. ನರಮಂಡಲದಲ್ಲಿ ಈ ಎರಡೇ ಭಾಗಗಳು ಉಳಿದವುಗಳಿಗಿಂತ ಬಹಳ ಮುಂದೆ ಓಡಿರುತ್ತವೆ. ಎಡಗೈ, ಬಲಗೈ, ಎಡಗೈ ಎಂಬ ಲಯವನ್ನು ಬಳ್ಳಿಯೊಳಗಿನ ನರಜಾಲವೇ ಹುಟ್ಟಿಸುತ್ತದೆ. ಮರಿಯ ಕೈಗಳಿಗೆ ಉಗುರೂ ಬಲವೂ ಬಂದಿವೆ, ಹಿಂಗಾಲು ಇನ್ನೂ ದೋಣಿಯ ಹುಟ್ಟಿನಂತೆ ಚಪ್ಪಟೆ. ಬಾಯಿ, ನಾಲಿಗೆ, ಹೀರುವ ಸ್ನಾಯು, ಅವನ್ನಾಳುವ ಕಾಂಡದ ನರಗಳು ಎಲ್ಲ ಸಿದ್ಧ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾತ್‌ಲೀನ್ ಸ್ಮಿತ್ 1990ರ ದಶಕದಲ್ಲಿ ಹಲವು ಸಸ್ತನಿಗಳ ಬೆಳವಣಿಗೆಯ ಅನುಕ್ರಮವನ್ನು ಪಕ್ಕಪಕ್ಕ ಇಟ್ಟು ನೋಡಿದರು. ಹೊಟ್ಟೆಚೀಲದ ಪ್ರಾಣಿಗಳಲ್ಲಿ ಮುಖದ ಮೂಳೆ-ಸ್ನಾಯುಗಳು ಮೊದಲು, ಮುಂಭಾಗದ ಮೆದುಳು ಆಮೇಲೆ. ಇಲಿ, ಬೆಕ್ಕುಗಳಲ್ಲಿ ಈ ಎರಡರ ಸರದಿ ಬೇರೆ. ಮುಖ ಕಟ್ಟುವ ಜೀವಕೋಶಗಳು ಇವುಗಳಲ್ಲಿ ನರಕೊಳವೆ ಮುಚ್ಚಿಕೊಳ್ಳುವುದಕ್ಕೂ ಕಾಯದೆ ಹೊರಡುತ್ತವೆ ಎಂಬುದನ್ನೂ ಅವರು ತೋರಿಸಿಕೊಟ್ಟರು.

ದಾರಿ ತೋರಿಸುವ ಇಂದ್ರಿಯ ಯಾವುದು ಎಂಬ ಬಗ್ಗೆ ಮಾತ್ರ ಇನ್ನೂ ಒಮ್ಮತವಿಲ್ಲ. ಕಾಂಗರೂ ಮರಿ ಮೇಲ್ಮುಖವಾಗಿ ಹತ್ತುವುದರಿಂದ ಒಳಕಿವಿಯ ಗುರುತ್ವ ಪ್ರಜ್ಞೆ ಎಂದು ಕೆಲವರು. ಟಾಮರ್ ಮರಿಯ ವಿಷಯದಲ್ಲಿ ವಾಸನೆಯ ಪಾತ್ರವಿದೆ ಎಂದು ಇನ್ನು ಕೆಲವರು. ಕೆನಡದ ಮಾಂಟ್ರಿಯಲ್‌ನಲ್ಲಿ ಗಿಡ್ಡಬಾಲದ ಒಪಾಸಮ್‌ ಮೇಲೆ ಕೆಲಸ ಮಾಡಿದ ತಂಡ ಮೂತಿಯ ಚರ್ಮದತ್ತ ಕೈತೋರಿಸುತ್ತದೆ, ಮೂತಿಗೆ ಏನಾದರೂ ತಾಗಿದರೆ ಮುಂಗಾಲು ಚಲಿಸುತ್ತದೆ. ನನಗೆ ಅನ್ನಿಸುವುದು, ಒಂದೇ ಉತ್ತರ ಹುಡುಕುವುದೇ ತಪ್ಪಿರಬಹುದು. ಬ್ಯಾಂಡಿಕೂಟ್ ಮರಿ ಹೊಕ್ಕುಳಬಳ್ಳಿಯನ್ನು ಹಗ್ಗದಂತೆ ಹಿಂದೆ ಎಳೆದುಕೊಂಡು ಹೋಗುತ್ತದೆ. ಉತ್ತರದ ಕ್ವೋಲ್‌ನ ಮರಿ ದ್ರವದಲ್ಲಿ ಹಾವಿನಂತೆ ಬಳುಕುತ್ತ ಸಾಗುತ್ತದೆ. ದಾರಿಯೇ ಬೇರೆಬೇರೆಯಾದ ಮೇಲೆ ಕೈಮರ ಒಂದೇ ಆಗಬೇಕೆಂದಿಲ್ಲ.

ಉಸಿರಾಟದ ವಿಷಯದಲ್ಲಿ ಪ್ರಕೃತಿ ಇನ್ನೊಂದು ರಿಯಾಯಿತಿ ಕೊಟ್ಟಿದೆ. ಕ್ವೀನ್ಸ್‌ಲ್ಯಾಂಡ್‌ನ ಜೂಲಿಯಾ ಕ್ರೀಕ್ ಡನ್ನಾರ್ಟ್ ಎಂಬ ಪುಟ್ಟ ಮಾಂಸಾಹಾರಿಯ ನವಜಾತ ಮರಿ ಬೇಕಾದ ಆಮ್ಲಜನಕವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಚರ್ಮದ ಮೂಲಕವೇ ಪಡೆಯುತ್ತದೆಂದು 1999ರಲ್ಲಿ ವರದಿಯಾಯಿತು. ಎದೆಯನ್ನು ಲಯವಾಗಿ ಏರಿಳಿಸುವ ನರಕೇಂದ್ರಗಳು ಪಳಗುವ ತನಕ ಚರ್ಮವೇ ಶ್ವಾಸಕೋಶ.

ಇದನ್ನೆಲ್ಲ ನೋಡಿದ ಮೇಲೆ ‘ಅಪಕ್ವ’ ಎಂಬ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ವಿಜ್ಞಾನ ಬರಹಗಳಲ್ಲಿ ಈ ಮರಿಗಳನ್ನು ಅರ್ಧಬೆಂದ ಅಡುಗೆಯಂತೆ ವರ್ಣಿಸುವುದು ರೂಢಿಯಾಗಿದೆ. ಹೆರಿಗೆಯೆಂಬುದು ಮೆದುಳಿನ ಬೆಳವಣಿಗೆಯ ಮೈಲುಗಲ್ಲು ಎಂದು ನಾವು ಒಳಗೊಳಗೇ ನಂಬಿಕೊಂಡಿರುವುದರಿಂದ ಹಾಗನ್ನಿಸುತ್ತದೆ. ಹೆರಿಗೆಯ ಗಡಿಯಾರ ಒಂದು, ಮೆದುಳು ಕಟ್ಟುವ ಗಡಿಯಾರ ಇನ್ನೊಂದು. ನಮ್ಮಲ್ಲಿ ಎರಡರ ಮುಳ್ಳೂ ಒಂದಕ್ಕೊಂದು ತೀರ ದೂರವಿಲ್ಲದ ಕಾರಣ ನಾವು ಅವನ್ನು ಒಂದೇ ಎಂದುಕೊಂಡಿದ್ದೇವೆ.

ಈಗ ಚೀಲದೊಳಕ್ಕೆ ಹೋಗೋಣ. ಈ ಸಂಶೋಧನೆಯಲ್ಲಿ ಟಾಮರ್ ವಾಲಬಿಗೆ ವಿಶೇಷ ಸ್ಥಾನ. ಅದರ ದಿನಗಣನೆ ಬಲು ನಿಖರ. ತಾಯಿ ಹೆತ್ತ ಕೆಲವೇ ಗಂಟೆಗಳಲ್ಲಿ ಮತ್ತೆ ಕೂಡುತ್ತಾಳೆ. ಹೊಸ ಭ್ರೂಣ ನೂರರ ಆಸುಪಾಸು ಕೋಶಗಳ ಉಂಡೆಯಾಗಿ ನಿದ್ದೆಹೋಗುತ್ತದೆ, ಹನ್ನೊಂದು ತಿಂಗಳು ಬೇಕಾದರೂ. ಚೀಲದ ಮರಿಯನ್ನು ತೆಗೆದರೆ ನಿದ್ದೆ ಮುಗಿದು 26-27 ದಿನಕ್ಕೆ ಹೆರಿಗೆ. ಕಾಂಗರೂ ದ್ವೀಪದಲ್ಲಿ ಮರಿಗಳೆಲ್ಲ ಜನವರಿಯ ಕೊನೆಯ ಸುಮಾರಿಗೆ ಹುಟ್ಟುತ್ತವೆ. ಹ್ಯೂ ಟಿಂಡೇಲ್-ಬಿಸ್ಕೋ, ಮ್ಯಾರಿಲಿನ್ ರೆನ್‌ಫ್ರೀ ಮೊದಲಾದವರು ದಶಕಗಟ್ಟಲೆ ಬಿಡಿಸಿದ ಈ ಗರ್ಭರಹಸ್ಯ ಮೆದುಳು ತಜ್ಞರಿಗೆ ಪಂಚಾಂಗವಾಗಿ ಒದಗಿತು. ಯಾವ ಮರಿಗೆ ಎಷ್ಟು ದಿನ ಎಂಬುದು ಗೊತ್ತಿದ್ದರೆ ಯಾವ ದಿನ ಯಾವ ನರಕೋಶ ಹುಟ್ಟಿತು ಎಂದು ಹೇಳಬಹುದು.

ತೊಗಟೆಯ ನರಕೋಶಗಳು ಮೆದುಳಿನ ಒಳಗಿನ ಕುಹರದ ಗೋಡೆಯಲ್ಲಿ ಹುಟ್ಟಿ ಹೊರಮೈಯತ್ತ ವಲಸೆ ಹೋಗುತ್ತವೆ. ಮೊದಲು ಹುಟ್ಟಿದವು ಕೆಳಗಿನ ಅಂತಸ್ತಿನಲ್ಲಿ ನಿಲ್ಲುತ್ತವೆ. ಆಮೇಲೆ ಬಂದವು ಅವುಗಳ ನಡುವೆ ನುಸುಳಿ ಮೇಲಿನ ಅಂತಸ್ತು ಹಿಡಿಯುತ್ತವೆ. ಇಲಿಯಲ್ಲೂ ಮನುಷ್ಯನಲ್ಲೂ ಇದೇ ಕ್ರಮ. ಅಂತರ ಕಾಲದ್ದು. ಮನುಷ್ಯನಲ್ಲಿ ತೊಗಟೆಯ ನರಕೋಶಗಳ ಬಹುಪಾಲು ಗರ್ಭದ ಆರನೇ ತಿಂಗಳ ಹೊತ್ತಿಗೆ ಹುಟ್ಟಿ ಮುಗಿದಿರುತ್ತದೆ. ಗಿಡ್ಡಬಾಲದ ಒಪಾಸಮ್‌ನಲ್ಲಿ ಆ ಕೆಲಸ ಹುಟ್ಟಿದ ಮೊದಲ ಎರಡು-ಮೂರು ವಾರದಲ್ಲಿ ನಡೆಯುತ್ತದೆ. ವಾಲಬಿಯಲ್ಲಿ ಇನ್ನೂ ನಿಧಾನ. ಅದರ ಕಣ್ಣು ತೆರೆಯುವುದೇ ಸುಮಾರು 140ನೇ ದಿನಕ್ಕೆ, ಚೀಲ ಬಿಟ್ಟು ಪೂರ್ತಿ ಹೊರಬರುವುದು 250ನೇ ದಿನದ ಸುಮಾರಿಗೆ. ಮೇಲಂತಸ್ತಿಗೆ ಕೋಶ ಒದಗಿಸುವ ಎರಡನೆಯ ಕಾರ್ಖಾನೆ, ಅಂದರೆ ಕುಹರದ ಗೋಡೆಗೆ ಹೊರಗಿನ ಇನ್ನೊಂದು ವಲಯ, ಜರಾಯು ಇರುವ ಸಸ್ತನಿಗಳಲ್ಲಿ ಮಾತ್ರ ವಿಕಾಸವಾಯಿತೇ ಎಂಬುದು ಕೆಲವು ಕಾಲ ಚರ್ಚೆಯ ವಿಷಯವಾಗಿತ್ತು. ಆಕ್ಸ್‌ಫರ್ಡ್‌ನ ಜೋಲ್ಟಾನ್ ಮೊಲ್ನಾರ್ ತಂಡ ಟಾಮರ್ ಮರಿಗಳಲ್ಲಿ ಅದನ್ನು ಗುರುತಿಸಿದ ಮೇಲೆ ಆ ವಾದ ಸಡಿಲವಾಯಿತು. ಇಡೀ ವಿವರ ಬೇಕಾದವರಿಗೆ ಕೆನ್ ಆಶ್ವೆಲ್ ಸಂಪಾದಿಸಿ 2010ರಲ್ಲಿ ಬಂದ ಆಸ್ಟ್ರೇಲಿಯದ ಹೊಟ್ಟೆಚೀಲ ಪ್ರಾಣಿಗಳ ನರವಿಜ್ಞಾನದ ಗ್ರಂಥವಿದೆ. ಓದಲು ತಾಳ್ಮೆ ಬೇಕು.

ಗರ್ಭದಲ್ಲಿ ಅಡಗಿರುವ ಕೆಲಸ ಇಲ್ಲಿ ಹೊರಗೆ ನಡೆಯುತ್ತದೆ ಎಂಬುದೇ ವಿಜ್ಞಾನಿಗಳಿಗೆ ದೊಡ್ಡ ಆಕರ್ಷಣೆ. ಮನುಷ್ಯಭ್ರೂಣದ ಮೆದುಳನ್ನು ನೋಡುವುದು ಎಷ್ಟು ಕಷ್ಟವೆಂಬುದಕ್ಕೆ ನಮ್ಮ ಹತ್ತಿರದ ಉದಾಹರಣೆಯಿದೆ. ಚೆನ್ನೈನ ಐಐಟಿ ಮದ್ರಾಸ್ 2024ರ ಡಿಸೆಂಬರ್‌ನಲ್ಲಿ ‘ಧರಣಿ’ ಎಂಬ ಭ್ರೂಣಮೆದುಳಿನ ನಕಾಶೆಯನ್ನು ಬಿಡುಗಡೆ ಮಾಡಿತು. ಐದು ಭ್ರೂಣಗಳ ಮೆದುಳಿನ 5,132 ಸೀಳುಗಳನ್ನು ಜೀವಕೋಶದ ಮಟ್ಟದಲ್ಲಿ ಚಿತ್ರಿಸಿದ ದೊಡ್ಡ ಸಾಹಸ ಅದು. ಆದರೂ ಅವು ನಿಂತುಹೋದ ಜೀವಗಳ ಸ್ಥಿರಚಿತ್ರ. ಹೊಟ್ಟೆಚೀಲದ ಮರಿಯಲ್ಲಿ ಅದೇ ಹಂತಗಳನ್ನು ಜೀವಂತವಾಗಿ, ದಿನದಿನಕ್ಕೆ ನೋಡಬಹುದು.

ಹೀಗೆ ನೋಡಿದ್ದರಿಂದ ದಕ್ಕಿದ ಫಲಗಳಲ್ಲಿ ಮೆದುಳುಬಳ್ಳಿಯ ಕತೆ ಬಹಳ ಚರ್ಚೆಯಾಗಿದೆ. ಬೆಳೆದ ಸಸ್ತನಿಯಲ್ಲಿ ತುಂಡಾದ ಮೆದುಳುಬಳ್ಳಿ ಕೂಡಿಕೊಳ್ಳುವುದಿಲ್ಲ. ಬೆನ್ನುಮೂಳೆ ಮುರಿದು ಗಾಲಿಕುರ್ಚಿ ಹಿಡಿದವರ ಮನೆಯವರಿಗೆ ಇದು ಗೊತ್ತು. ಬಾಸೆಲ್‌ನಲ್ಲೂ ಆಮೇಲೆ ಇಟಲಿಯ ಟ್ರಿಯೆಸ್ಟೆಯಲ್ಲೂ ಕೆಲಸ ಮಾಡಿದ ಜಾನ್ ನಿಕೋಲ್ಸ್ ನವಜಾತ ಗಿಡ್ಡಬಾಲದ ಒಪಾಸಮ್‌ನ ಇಡೀ ನರಮಂಡಲವನ್ನು ಹೊರತೆಗೆದು ಪೋಷಕದ್ರವದಲ್ಲಿ ದಿನಗಟ್ಟಲೆ ಜೀವಂತವಾಗಿಟ್ಟರು. ಅದು ಅಷ್ಟು ಚಿಕ್ಕದಾಗಿ ತೆಳುವಾಗಿರುವುದರಿಂದ ಆಮ್ಲಜನಕ ತಾನಾಗಿ ಒಳಗಿಳಿಯುತ್ತದೆ. ಬಟ್ಟಲಲ್ಲಿ ತೇಲುವ ಆ ನರಮಂಡಲ ಉಸಿರಾಟದ ಲಯವನ್ನು ತಾನೇ ಮಿಡಿಯುತ್ತಿತ್ತು, ಉಸಿರಾಡಲು ಎದೆಯೇ ಇಲ್ಲದಿದ್ದರೂ. ಅದರ ಬಳ್ಳಿಯನ್ನು ಜಜ್ಜಿದರೆ ಕೆಲವೇ ದಿನದಲ್ಲಿ ನರತಂತುಗಳು ಗಾಯ ದಾಟಿ ಬೆಳೆದವು, ಸಂಕೇತ ಮತ್ತೆ ಹರಿಯಿತು. ನಾರ್ಮನ್ ಸಾಂಡರ್ಸ್ ಮತ್ತು ಸಂಗಡಿಗರು ಜೀವಂತ ಮರಿಗಳಲ್ಲೇ ಇದನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದರು. ಹುಟ್ಟಿದ ಮೊದಲ ವಾರದಲ್ಲಿ ಬಳ್ಳಿ ಪೂರ್ತಿ ತುಂಡಾದ ಮರಿಗಳು ದೊಡ್ಡವಾದ ಮೇಲೆ ನಡೆದವು, ಈಜಿದವು. ಇದೇ ಗಾಯ ನಾಲ್ಕನೇ ವಾರದಲ್ಲಾದರೆ ಒಂದು ತಂತುವೂ ದಾಟುವುದಿಲ್ಲ. ಎರಡರ ನಡುವಿನ ದಿನಗಳಲ್ಲಿ ಯಾವುದೋ ಬಾಗಿಲು ಮುಚ್ಚಿಕೊಳ್ಳುತ್ತದೆ. ಯಾವ ಜೀನ್‌ಗಳು ಆ ಬಾಗಿಲಿಗೆ ಅಗುಳಿ ಹಾಕುತ್ತವೆಂದು ಹುಡುಕುವುದಕ್ಕೆ 2007ರಲ್ಲಿ ಪ್ರಕಟವಾದ ಈ ಒಪಾಸಮ್‌ನ ಜೀನೋಮ್ ನೆರವಾಯಿತು. ಹೊಟ್ಟೆಚೀಲದ ಪ್ರಾಣಿಗಳಲ್ಲಿ ಮೊದಲು ಓದಿದ ಜೀನೋಮ್ ಅದೇ. ಚಿಕಿತ್ಸೆ ಮಾತ್ರ ಇನ್ನೂ ಕೈಗೆ ಬಂದಿಲ್ಲ. ಪತ್ರಿಕೆಗಳ ತಲೆಬರಹ ನೋಡಿ ಆಸೆ ಕಟ್ಟಿಕೊಳ್ಳುವವರಿಗೆ ಇದನ್ನೂ ಹೇಳಬೇಕು.

ಕ್ಯಾಲಿಫೋರ್ನಿಯದ ಲಿಯಾ ಕ್ರುಬಿಟ್ಸರ್ ಕೇಳಿದ್ದು ಬೇರೆಯದೇ ಪ್ರಶ್ನೆ. ತೊಗಟೆಯ ಯಾವ ಭಾಗ ನೋಟಕ್ಕೆ, ಯಾವುದು ಸ್ಪರ್ಶಕ್ಕೆ ಎಂಬ ಹಂಚಿಕೆ ಮೊದಲೇ ಬರೆದಿಟ್ಟದ್ದೇ, ಇಂದ್ರಿಯಗಳು ಬಂದು ಗೆದ್ದುಕೊಳ್ಳುವುದೇ? ಸಹೋದ್ಯೋಗಿಯೊಡನೆ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅವರು ನಾಲ್ಕು ದಿನದ ಒಪಾಸಮ್ ಮರಿಗಳ ಎರಡೂ ಕಣ್ಣು ತೆಗೆದರು. ಆ ವಯಸ್ಸಿಗೆ ಕಣ್ಣಿನ ನರ ಮೆದುಳಿನೊಳಗಿನ ತನ್ನ ಠಾಣೆಗಳನ್ನು ಇನ್ನೂ ತಲುಪಿರುವುದಿಲ್ಲ. ಬೆಳೆದ ಮೇಲೆ ನೋಡಿದರೆ ನೋಟದ ಜಾಗವನ್ನು ಕಿವಿಯೂ ಚರ್ಮವೂ ಹಂಚಿಕೊಂಡಿದ್ದವು. ಜಾಗದ ಎಲ್ಲೆ ಅಳಿಸಿಹೋಗಿರಲಿಲ್ಲ, ಒಕ್ಕಲು ಮಾತ್ರ ಬದಲಾಗಿತ್ತು. ಗಡಿಕಲ್ಲು ಹುಟ್ಟಿನಿಂದ ಬಂದದ್ದು, ಉಳುಮೆ ಅನುಭವದ್ದು ಎಂದು ನಾನು ಇದನ್ನು ಓದಿಕೊಂಡಿದ್ದೇನೆ. ಇಂಥ ಪ್ರಯೋಗಗಳನ್ನು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮರಿ ಹೊರಗಿರುವುದರಿಂದ ಕೈಗೆ ಸಿಗುತ್ತದೆ, ಕೈಗೆ ಸಿಗುವುದರಿಂದಲೇ ಅದಕ್ಕೆ ಇಷ್ಟೆಲ್ಲ ಪಾಡು.

ಇಡೀ ವಿಷಯದ ತಿರುಳು ಎಂದು ನನಗೆ ಅನ್ನಿಸುವುದು ಎರಡು ಅರೆಮೆದುಳುಗಳ ನಡುವಿನ ಸೇತುವೆಯ ಕತೆ. ನಮ್ಮ ಎಡ-ಬಲ ಅರೆಗಳನ್ನು ಕೂಡಿಸುವುದು ಕಾರ್ಪಸ್ ಕ್ಯಾಲೋಸಮ್ ಎಂಬ ದಪ್ಪ ಪಟ್ಟಿ. ಅದರಲ್ಲಿ ಸುಮಾರು 20 ಕೋಟಿ ನರತಂತುಗಳಿವೆ. ಇಲಿ, ಬಾವಲಿ, ಆನೆ, ತಿಮಿಂಗಿಲ, ಜರಾಯು ಇರುವ ಎಲ್ಲ ಸಸ್ತನಿಗಳಿಗೂ ಇದು ಇದೆ. ಹೊಟ್ಟೆಚೀಲದ ಪ್ರಾಣಿಗಳಿಗೆ ಇಲ್ಲವೆಂದು ಲಂಡನ್ನಿನ ರಿಚರ್ಡ್ ಓವೆನ್ 1837ರಲ್ಲಿ ಬರೆದ. ವಿಲಿಯಂ ಫ್ಲವರ್ 1865ರಲ್ಲಿ ಒಪ್ಪಲಿಲ್ಲ, ಸಣ್ಣ ರೂಪದಲ್ಲಿ ಇದೆ ಎಂದ. ಜಗಳ ಹಲವು ದಶಕ ಎಳೆಯಿತು. ಆಸ್ಟ್ರೇಲಿಯದಲ್ಲೇ ಹುಟ್ಟಿದ ಗ್ರಾಫ್ಟನ್ ಎಲಿಯಟ್ ಸ್ಮಿತ್‌ನಂಥವರು ಶತಮಾನದ ಕೊನೆಯಲ್ಲಿ ಸೂಕ್ಷ್ಮವಾಗಿ ನೋಡಿದ ಮೇಲೆ ಓವೆನ್ ಗೆದ್ದ. ಫ್ಲವರ್ ಕಂಡದ್ದು ನೆನಪಿನ ಭಾಗವಾದ ಹಿಪೊಕ್ಯಾಂಪಸ್‌ನ ಬೇರೊಂದು ಸೇತು.

ಸೇತುವೆ ಇಲ್ಲದಿದ್ದರೆ ಎಡಕ್ಕೂ ಬಲಕ್ಕೂ ಮಾತುಕತೆ ಹೇಗೆ? ಮೆದುಳಿನ ತಳದಲ್ಲಿ ಮುಂದಕ್ಕಿರುವ ಆಂಟೀರಿಯರ್ ಕಮಿಶರ್ ಎಂಬ ಹಳೆಯ ಕಟ್ಟಿನ ಮೂಲಕ. ನಮ್ಮಲ್ಲೂ ಅದಿದೆ, ಸಣ್ಣದು. ಇವುಗಳಲ್ಲಿ ಅದೇ ಹೆದ್ದಾರಿ. ಕಾಂಗರೂ, ಕೋಲಾ, ವೊಂಬ್ಯಾಟ್‌ಗಳ ಬಳಗದಲ್ಲಿ ಆ ಹೆದ್ದಾರಿಗೆ ಹೋಗಿ ಸೇರುವ ಒಂದು ಒಳದಾರಿಯೂ ಇದೆ. ಮೇಲಿನ ತೊಗಟೆಯ ತಂತುಗಳು ಸುತ್ತುಬಳಸದೆ ಅದರಲ್ಲಿ ಇಳಿದುಬಿಡುತ್ತವೆ.

ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ರೋಡ್ರಿಗೊ ಸ್ವಾರೆಸ್, ಲಿಂಡಾ ರಿಚರ್ಡ್ಸ್ ಮತ್ತವರ ತಂಡ ಈ ಎಡ-ಬಲದ ದಾರಿಗಳನ್ನು ಅರಿಯಲು ಆರಿಸಿಕೊಂಡದ್ದು ಕೊಬ್ಬುಬಾಲದ ಡನ್ನಾರ್ಟ್. ಸುಂಡಿಲಿಯ ಗಾತ್ರದ, ದೊಡ್ಡ ಕಣ್ಣಿನ, ರಾತ್ರಿ ಕೀಟ ಹಿಡಿದು ತಿನ್ನುವ ಪ್ರಾಣಿ. 2018ರಲ್ಲಿ ಅವರು ಇದರ ಮೆದುಳಿನ ಎಡ-ಬಲ ಸಂಪರ್ಕಗಳ ನಕ್ಷೆ ತಯಾರಿಸಿ, ಮೊಟ್ಟೆಯಿಡುವ ಪ್ಲಾಟಿಪಸ್‌ನ ನಕ್ಷೆಯ ಜೊತೆಗೂ ನಮ್ಮಂಥ ಸಸ್ತನಿಗಳ ನಕ್ಷೆಯ ಜೊತೆಗೂ ಇಟ್ಟು ನೋಡಿದರು. ಎಡದ ಯಾವ ಜಾಗ ಬಲದ ಯಾವ ಜಾಗಕ್ಕೆ ತಂತು ಕಳಿಸುತ್ತದೆ ಎಂಬ ವಿನ್ಯಾಸ ಮೂರರಲ್ಲೂ ಬಹುಮಟ್ಟಿಗೆ ಒಂದೇ. ದಾರಿ ಮಾತ್ರ ಬೇರೆ. ಹೊಳೆಗೆ ಸೇತುವೆ ಬರುವ ಮುಂಚೆಯೂ ಎರಡು ದಡದ ಊರುಗಳಿಗೆ ಕೊಡುಕೊಳ್ಳುವಿಕೆ ಇರುತ್ತದಲ್ಲ, ದೋಣಿಯಲ್ಲಿ. ಸೇತುವೆ ಆಮೇಲೆ ಬಂತು, ನೆಂಟಸ್ತನ ಹಳೆಯದು.

ಹಾಗಾದರೆ ಸೇತುವೆ ಹೇಗೆ ಬಂತು? ಹೊಸ ಜೀನ್ ಹುಟ್ಟಿತೇ? 2020ರಲ್ಲಿ ಇದೇ ತಂಡ ಕೊಟ್ಟ ಉತ್ತರ ನನಗೆ ಬಹಳ ದಿನ ತಲೆಯಲ್ಲಿ ಗುಂಯ್‌ಗುಟ್ಟಿತು. ತೊಗಟೆಯ ನರಕೋಶ ತನ್ನ ತಂತುವನ್ನು ಎತ್ತ ಕಳಿಸಬೇಕೆಂದು ಗೊತ್ತುಪಡಿಸುವ ಎರಡು ಜೀನ್‌ಗಳಿವೆ. ಸಿಟಿಐಪಿ2 ಕೆಳಕ್ಕೆ, ಮೆದುಳುಬಳ್ಳಿಯ ಕಡೆಗೆ ಕಳಿಸುತ್ತದೆ. ಎಸ್‌ಎಟಿಬಿ2 ಆಚೆಯ ಅರೆಮೆದುಳಿಗೆ ಕಳಿಸುತ್ತದೆ. ಇವೆರಡೂ ಡನ್ನಾರ್ಟ್‌ನಲ್ಲೂ ಇವೆ. ಡನ್ನಾರ್ಟ್‌ನದನ್ನು ಇಲಿಗೆ ಹಾಕಿದರೂ ಅದೇ ಕೆಲಸ ಮಾಡುತ್ತವೆ. ವ್ಯತ್ಯಾಸವಿರುವುದು ಎಸ್‌ಎಟಿಬಿ2 ಎಚ್ಚರಗೊಳ್ಳುವ ಗಳಿಗೆಯಲ್ಲಿ. ಬೆಳವಣಿಗೆಯ ಸಮಾನ ಹಂತದಲ್ಲಿ ನೋಡಿದರೆ ಡನ್ನಾರ್ಟ್‌ನಲ್ಲಿ ಅದು ಬೇಗ ಏಳುತ್ತದೆ, ಇಲಿಯಲ್ಲಿ ತಡವಾಗಿ. ಇಲಿಭ್ರೂಣದಲ್ಲಿ ಬೇಕೆಂದೇ ಅದನ್ನು ಬೇಗ ಎಬ್ಬಿಸಿದರು. ಇಲಿಯ ತಂತುಗಳು ಕಾರ್ಪಸ್ ಕ್ಯಾಲೋಸಮ್ ಬಿಟ್ಟು, ಹೊಟ್ಟೆಚೀಲದ ಪ್ರಾಣಿಗಳ ಹಾಗೆ, ಕೆಳಗಿನ ಹಳೆಯ ದಾರಿ ಹಿಡಿದವು!

ಅಂದರೆ ಕಟ್ಟಡದ ಸಾಮಗ್ರಿ ಅದೇ, ಮೇಸ್ತ್ರಿಗಳೂ ಅವರೇ. ಒಬ್ಬ ಮೇಸ್ತ್ರಿ ಬೆಳಗ್ಗೆ ತಡವಾಗಿ ಬಂದದ್ದಕ್ಕೆ ಮನೆಯ ನಕಾಶೆಯೇ ಬದಲಾಯಿತು. ಎರಡು ವಂಶಗಳು ಅಗಲಿ ಸುಮಾರು 16 ಕೋಟಿ ವರ್ಷಗಳಾಗಿವೆ. ಅಷ್ಟು ಹಳೆಯ ಕವಲಿನ ಹಿಂದೆ ಇಂಥ ಸಣ್ಣ ಸಮಯದ ಏರುಪೇರು ಇರಬಹುದೆಂಬುದು, ಇದೇ ಪ್ರಾಣಿಗಳ ಮುಖ-ಮೆದುಳುಗಳ ಸರದಿ ಅದಲುಬದಲಾದ ಸಂಗತಿಗೆ ಹೊಂದಿಕೊಳ್ಳುತ್ತದೆ. ಮನುಷ್ಯರಲ್ಲೂ ಕೆಲವರು ಕಾರ್ಪಸ್ ಕ್ಯಾಲೋಸಮ್ ಇಲ್ಲದೆಯೇ ಹುಟ್ಟುತ್ತಾರೆ. ಕೆಲವರಿಗೆ ತೀವ್ರ ತೊಂದರೆ, ಇನ್ನು ಕೆಲವರಿಗೆ ಬೇರಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗಲೇ ಗೊತ್ತಾಗುವುದು. ರಿಚರ್ಡ್ಸ್ ಅವರ ಆಸಕ್ತಿಯ ಬೇರು ಇರುವುದು ಅಲ್ಲೇ.

ಸೇತುವೆಯಿಲ್ಲದ, ಅವಸರದಲ್ಲಿ ಹುಟ್ಟಿದ, ಹಾಗಾಗಿ ಸಣ್ಣ ಮೆದುಳಿನ ಕೆಳದರ್ಜೆಯ ಪ್ರಾಣಿಗಳು ಎಂಬ ಹಳೆಯ ಅಭಿಪ್ರಾಯವೊಂದಿದೆ. ವಸಾಹತುಕಾಲದ ಪ್ರಾಣಿಶಾಸ್ತ್ರ ಆಸ್ಟ್ರೇಲಿಯವನ್ನೇ ಹಿಂದುಳಿದ ಖಂಡವೆಂದು ನೋಡಿದ ಕಾಲದ್ದು ಅದು. ವೆರಾ ವೈಸ್‌ಬೆಕರ್ ಮತ್ತು ಅಂಜಲಿ ಗೋಸ್ವಾಮಿ 2010ರಲ್ಲಿ ನೂರಾರು ಪ್ರಭೇದಗಳ ಲೆಕ್ಕ ಹಾಕಿದರು. ದೇಹದ ತೂಕಕ್ಕೆ ಹೋಲಿಸಿದರೆ, ವಾನರವರ್ಗವನ್ನು ಪಕ್ಕಕ್ಕಿಟ್ಟು ನೋಡಿದಾಗ, ಎರಡು ಗುಂಪುಗಳ ಮೆದುಳಿನ ಗಾತ್ರದಲ್ಲಿ ಒಟ್ಟಾರೆ ಮೇಲುಕೀಳು ಕಾಣಲಿಲ್ಲ. ಹೊಟ್ಟೆಚೀಲದ ಪ್ರಾಣಿಗಳಲ್ಲಿ ಮೆದುಳಿನ ಗಾತ್ರಕ್ಕೆ ಒಪ್ಪುವುದು ತಾಯಿ ಎಷ್ಟು ಕಾಲ ಹಾಲೂಡುತ್ತಾಳೆ, ಒಂದು ಸಲಕ್ಕೆ ಎಷ್ಟು ಮರಿ ಸಾಕುತ್ತಾಳೆ ಎಂಬುದು.

ಆ ಹಾಲೂ ಸಾಮಾನ್ಯದ್ದಲ್ಲ. ಟಾಮರ್ ತಾಯಿಯ ಹಾಲು ಮೊದಲ ತಿಂಗಳುಗಳಲ್ಲಿ ತೆಳ್ಳಗೆ, ಸಕ್ಕರೆಯಂಶ ಹೆಚ್ಚು. ಸುಮಾರು 200 ದಿನ ದಾಟಿದ ಮೇಲೆ ಕೊಬ್ಬು ಏರಿ ಗಟ್ಟಿಯಾಗುತ್ತದೆ. ಕೆಂಪು ಕಾಂಗರೂ ಒಂದು ತೊಟ್ಟಿನಲ್ಲಿ ಹಸುಗೂಸಿಗೆ ತೆಳು ಹಾಲು, ಪಕ್ಕದ ತೊಟ್ಟಿನಲ್ಲಿ ಹೊರಗೆ ಓಡಾಡುವ ದೊಡ್ಡ ಮರಿಗೆ ಗಟ್ಟಿ ಹಾಲು ಏಕಕಾಲಕ್ಕೆ ಕೊಡಬಲ್ಲದು. 60 ದಿನದ ಟಾಮರ್ ಮರಿಯನ್ನು 120 ದಿನದ ಹಂತದ ಸಾಕುತಾಯಿಗೆ ಬದಲಿಸಿದರೆ ಅದು ಬೇಗ ಬೇಗ ಬೆಳೆಯುತ್ತದೆ. ಹಾಲಿನ ವೇಳಾಪಟ್ಟಿ ತಾಯಿಯ ಕೈಯಲ್ಲಿದೆ. ಗರ್ಭದ ಜರಾಯು ಮಾಡುವ ಅಡುಗೆಯನ್ನು ಇಲ್ಲಿ ಮೊಲೆ ಮಾಡುತ್ತದೆ, ಹಂತಕ್ಕೆ ತಕ್ಕ ಹಾಗೆ.

ನಮ್ಮ ಆಸ್ಪತ್ರೆಗಳಲ್ಲಿ ಕೇಳಿಬರುವ ‘ಕಾಂಗರೂ ತಾಯಿ ಆರೈಕೆ’ ಎಂಬ ಹೆಸರನ್ನು ಇಲ್ಲಿ ನೆನೆಯಬೇಕು. ತಿಂಗಳು ತುಂಬದೆ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಕೂಸನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಈ ಕ್ರಮ 1970ರ ದಶಕದ ಕೊನೆಯಲ್ಲಿ ಕೊಲಂಬಿಯದ ಬೊಗೊಟಾದಲ್ಲಿ ಎಡ್ಗರ್ ರೇ ಎಂಬ ವೈದ್ಯರಿಂದ ಶುರುವಾಯಿತು. ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ವ್ಯಾಪಕವಾಗಿ ಒಯ್ಯುವ ಪ್ರಯತ್ನ ನಡೆದಿದೆ. ಬಹಳ ಒಳ್ಳೆಯ ಕ್ರಮ, ಜೀವ ಉಳಿಸಿದೆ. ಹೆಸರು ಮಾತ್ರ ಸ್ವಲ್ಪ ದಾರಿತಪ್ಪಿಸುತ್ತದೆ. 28 ವಾರಕ್ಕೆ ಹುಟ್ಟಿದ ಕೂಸಿನ ತೊಗಟೆಯಲ್ಲಿ ನರಕೋಶಗಳು ಆಗಲೇ ಬಂದು ನೆಲೆಸಿವೆ. ಆ ಹಂತಕ್ಕೆ ಬರಲು ಕಾಂಗರೂ ಮರಿ ಚೀಲದಲ್ಲಿ ತಿಂಗಳುಗಟ್ಟಲೆ ಕಳೆಯಬೇಕು. ಮೇಲಾಗಿ ಕಾಂಗರೂ ಮರಿ ಹುಟ್ಟುವುದು ತನ್ನ ಹೊತ್ತಿಗೆ, ತನ್ನ ಕೆಲಸಕ್ಕೆ ಸಜ್ಜಾಗಿ. ನಮ್ಮ ಕೂಸು ಹೊತ್ತಿಗೆ ಮುಂಚೆ ಬಂದದ್ದು. ಅದರ ಮೆದುಳುಕಾಂಡದ ಉಸಿರಾಟದ ಕೇಂದ್ರ ಆಗಾಗ ತನ್ನ ಕೆಲಸ ಮರೆತುಬಿಡುತ್ತದೆ, ಚರ್ಮದಿಂದ ಉಸಿರಾಡುವ ಅನುಕೂಲವೂ ಇಲ್ಲ.

ಇತ್ತೀಚಿನ ಒಂದು ಕೆಲಸ ಮತ್ತೆ ನಮ್ಮನ್ನು ಚೀಲದ ಕತ್ತಲಿಗೇ ಕರೆದೊಯ್ಯುತ್ತದೆ. ಎಳೆಯ ಮೆದುಳಿನ ನರಕೋಶಗಳು ಇಂದ್ರಿಯಗಳಿಂದ ಸುದ್ದಿ ಬರುವ ಮುಂಚೆಯೇ ತಮ್ಮಷ್ಟಕ್ಕೆ ಅಲೆಅಲೆಯಾಗಿ ಮಿಡಿಯುತ್ತವೆ ಎಂಬುದು ಇಲಿಗಳಿಂದ ಗೊತ್ತಿತ್ತು. ಆದರೆ ತೀರ ಆರಂಭದ ಮಿಡಿತಗಳು ಗರ್ಭದಲ್ಲಿ ನಡೆಯುವುದರಿಂದ, ಭ್ರೂಣಕ್ಕೆ ಅಡ್ಡಿಯಾಗದಂತೆ ಅವನ್ನು ನೋಡುವುದು ಕಷ್ಟವಾಗಿತ್ತು. 2023ರಲ್ಲಿ ಸ್ವಾರೆಸ್ ತಂಡ ಚೀಲದಲ್ಲಿರುವ ಡನ್ನಾರ್ಟ್ ಮರಿಗಳ ತೊಗಟೆಯನ್ನು ಜೀವಂತವಾಗಿ ಚಿತ್ರೀಕರಿಸಿತು. ಪದರಗಳು ಇನ್ನೂ ಕಟ್ಟಿಕೊಳ್ಳುತ್ತಿರುವ ಹೊತ್ತಿಗೇ ಮಿಡಿತ ಶುರುವಾಗಿತ್ತು. ಸ್ಪರ್ಶಕ್ಕೆ ಮೀಸಲಾಗಲಿರುವ ಭಾಗದ ಮಿಡಿತ ಒಂದು ಬಗೆ, ನೋಟಕ್ಕೆ ಮೀಸಲಾಗಲಿರುವ ಭಾಗದ್ದು ಇನ್ನೊಂದು ಬಗೆ. ಆ ಮರಿಯ ರೆಪ್ಪೆಗಳು ಆಗ ಇನ್ನೂ ಅಂಟಿಕೊಂಡಿದ್ದವು. ಬಾಯಿ ತೊಟ್ಟನ್ನು ಬಿಗಿಯಾಗಿ ಕಚ್ಚಿಕೊಂಡಿತ್ತು. ನೋಡುವುದಕ್ಕೆ ಏನೂ ಇಲ್ಲದ ಆ ಕತ್ತಲಲ್ಲಿ ನೋಟದ ತೊಗಟೆ ತನ್ನ ಪಾಡಿಗೆ ಮಿಡಿಯುತ್ತಿತ್ತು.